ಡೆನಿಸ್ ರಿಚಿಯವರು

ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಬೆಳೆದ ನನಗೆ, ಸೀರೆ ಉಟ್ಟವರು ನೆಯ್ದವನ ಹೆಸರು ಕೇಳುವುದಿಲ್ಲವೆಂಬುದು ಹೊಸ ಮಾತಲ್ಲ. ಜಮಖಂಡಿಯಲ್ಲಿ ಲಿನಕ್ಸ್ ಸರ್ವರನ್ನು ನೋಡಿಕೊಳ್ಳುವ ವಿದ್ಯೆ ಕಲಿಯತೊಡಗಿದಾಗ ಅಂಥವರೇ ಆದ ಇನ್ನೊಬ್ಬ ಕುಶಲರ ಪರಿಚಯ ನನಗಾಯಿತು.

ಡೆನಿಸ್ ರಿಚಿಯವರು ಜನಿಸಿದುದು 1941ರಲ್ಲಿ, ಅಮೇರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಅಭ್ಯಸಿಸಿ 1967ರಲ್ಲಿ ಬೆಲ್ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಕೆನ್ ಥಾಮ್ಸನ್ನರು 1969ರಲ್ಲಿ ಆರಂಭಿಸಿದ ಯುನಿಕ್ಸ್ ಕಾರ್ಯಕ್ಕೆ ಜೊತೆಯಾದರು. ರಿಚಿಯವರು ರಚಿಸಿದ ಸಿ ಭಾಷೆಯಲ್ಲಿ 1973ರಲ್ಲಿ ಯುನಿಕ್ಸನ್ನು ಹೊಸದಾಗಿ ಬರೆದುದರಿಂದ ಅದು ಬೇರೆ ಬೇರೆ ಯಂತ್ರಗಳಿಗೆ ಹೋಗಲು ದಾರಿಯಾಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಅದೇ ಪದ್ಧತಿಯನ್ನೂ ಅದೇ ಭಾಷೆಯನ್ನೂ ಅನುಸರಿಸಿತು.

ಮೊದಮೊದಲು ನಾನು ಎಲ್ಲ ಕೆಲಸವನ್ನೂ ಸರ್ವಾಧಿಕಾರಿಯಾದ ರೂಟ್ ಆಗಿಯೇ ಮಾಡುತ್ತಿದ್ದೆ. ಒಂದು ದಿನ ನನ್ನ ತಪ್ಪು ಆಜ್ಞೆಯೊಂದರಿಂದ ಸಹಪಾಠಿಗಳ ಫೈಲುಗಳೆಲ್ಲ ಅಳಿಸಿಹೋದವು! ರಿಚಿಯವರ ಒಂದು ಯುಕ್ತಿಯ ಬೆಲೆ ನನಗೆ ತಿಳಿದದ್ದು ಆಗ. ಪಾಸ್‌ವರ್ಡುಗಳ ಫೈಲನ್ನು ತಿದ್ದುವ ಹಕ್ಕು ರೂಟಿಗೆ ಮಾತ್ರ ಉಂಟು. ಆದರೂ ಸಾಮಾನ್ಯ ಬಳಕೆದಾರನು ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಬಲ್ಲನು. ಏಕೆಂದರೆ ಆ ಒಂದು ಪ್ರೋಗ್ರಾಮು ಮಾತ್ರ, ಅಷ್ಟು ಹೊತ್ತು ಮಾತ್ರ, ರೂಟಿನ ಅಧಿಕಾರದಿಂದ ನಡೆಯುತ್ತದೆ. ಸೆಟ್‌ಯುಐಡಿ ಎಂಬ ಈ ಯುಕ್ತಿಗೆ 1979ರಲ್ಲಿ ಪೇಟೆಂಟ್ ದೊರೆಯಿತು. ಮುಂದೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಡಲಾಯಿತು.

1983ರಲ್ಲಿ ರಿಚಿ, ಥಾಮ್ಸನ್ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2011ರ ಅಕ್ಟೋಬರದಲ್ಲಿ ಸ್ಟೀವ್ ಜಾಬ್ಸರ ಮರಣಕ್ಕೆ ಜಗತ್ತೆಲ್ಲ ಮರುಗಿತು. ವಾರದೊಳಗೆ ಬಂದ ರಿಚಿಯವರ ನಿಧನವಾರ್ತೆಯನ್ನು ಗಮನಿಸಿದವರು ಕೆಲವರೇ.

ಈಗ ನಾನು ಸಾಮಾನ್ಯ ಬಳಕೆದಾರನಾಗಿಯೇ ಸರ್ವರನ್ನು ಪ್ರವೇಶಿಸುತ್ತೇನೆ. ರೂಟಿನ ಅಧಿಕಾರವನ್ನು ಬೇಕಾದಾಗ ಮಾತ್ರ ಪಡೆದು, ಕೆಲಸ ಮುಗಿದೊಡನೆ ಬಿಟ್ಟುಕೊಡುತ್ತೇನೆ. ಆ ಮಹನೀಯರಿಗೆ ನಾನು ಸಲ್ಲಿಸಬಲ್ಲ ಗೌರವ ಇಷ್ಟೇ.