ಪೊರಕೆಯಿಂದ ಶುರುವಾದ ಗಿಟಾರ್: ಜಿಮಿ ಹೆಂಡ್ರಿಕ್ಸ್

ಜಿಮಿ ಹೆಂಡ್ರಿಕ್ಸ್ ಕೈಗೆ ಸಿಕ್ಕ ಮೊದಲ ಗಿಟಾರ್ ಒಂದು ಪೊರಕೆ. ಜೋಕ್ ಅಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ, ಹೊರೇಸ್ ಮ್ಯಾನ್ ಅನ್ನೋ ಪ್ರೈಮರಿ ಸ್ಕೂಲಲ್ಲಿ ಓದ್ತಿದ್ದ ಈ ಹುಡುಗ ಎಲ್ಲಿ ಹೋದ್ರೂ ಉದ್ದ ಹಿಡಿಯ ಪೊರಕೆಯೊಂದನ್ನ ಜೊತೆಗೇ ಇಟ್ಕೊಂಡಿರ್ತಿದ್ದ. ಅದನ್ನ ಅಡ್ಡ ಹಿಡಿದು, ಇಲ್ಲದ ತಂತಿಗಳನ್ನ ಮೀಟ್ತಿದ್ದ. ಇದು ಒಂದು ದಿನದ ಆಟ ಆಗಿರಲಿಲ್ಲ, ವರ್ಷಕ್ಕಿಂತ ಜಾಸ್ತಿ ನಡೀತು. ಸ್ಕೂಲಿನ ಸಮಾಜ ಕಾರ್ಯಕರ್ತೆಯೊಬ್ಬರು ಇದನ್ನ ಗಮನಿಸಿ, ಬಡ ಮಕ್ಕಳಿಗೆ ಅಂತ ಇಟ್ಟಿರೋ ದುಡ್ಡಲ್ಲಿ ಇವನಿಗೊಂದು ಗಿಟಾರ್ ಕೊಡಿಸಿ, ಇಲ್ಲದಿದ್ರೆ ಹುಡುಗನ ಮನಸ್ಸಿಗೆ ಪೆಟ್ಟು ಬೀಳುತ್ತೆ ಅಂತ ಪತ್ರ ಬರೆದರು. ದುಡ್ಡು ಮಂಜೂರಾಗಲಿಲ್ಲ. ಅಪ್ಪನೂ ಕೊಡಿಸಲಿಲ್ಲ.

ಈ ಒಬ್ಬ ಟೀಚರಮ್ಮನಂಥವರ ಬಗ್ಗೆ ನಮಗೆ ಬಹಳ ಗೌರವ. ಸೋತರೂ ಅವರಿಗೆ ಕಂಡಿದ್ದು ಸರಿಯಾಗಿಯೇ ಕಂಡಿತ್ತು.

ಹುಡುಗ ಹುಟ್ಟಿದ್ದು 1942ರ ನವೆಂಬರ್ 27ಕ್ಕೆ. ಯುದ್ಧದ ಕಾಲ. ಅಪ್ಪ ಆಲ್ ಹೆಂಡ್ರಿಕ್ಸ್ ಸೈನ್ಯದಲ್ಲಿದ್ದ, ಮಗನ ಮುಖ ನೋಡೋಕೂ ರಜೆ ಸಿಗಲಿಲ್ಲ. ಅಮ್ಮ ಲೂಸಿಲ್‌ಗೆ ಆಗ 17 ವರ್ಷ, ಅಂದ್ರೆ ನಮಗಿಂತ ಚಿಕ್ಕವಳು. ಜಾನಿ ಆಲನ್ ಅಂತ ಅಮ್ಮ ಇಟ್ಟ ಹೆಸರನ್ನ ಅಪ್ಪ ವಾಪಸ್ ಬಂದ ಮೇಲೆ, 1946ರಲ್ಲಿ, ಜೇಮ್ಸ್ ಮಾರ್ಷಲ್ ಅಂತ ಬದಲಾಯಿಸಿದ. ಮನೇಲಿ ಕುಡಿತ, ಜಗಳ, ಮನೆಯಿಂದ ಮನೆಗೆ ಅಲೆದಾಟ. 1951ರಲ್ಲಿ ಡಿವೋರ್ಸ್ ಆಯ್ತು. 1958ರ ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡಳು. ಜಿಮಿಗೆ ಆಗ 15.

ಅದಕ್ಕೆ ಒಂದು ವರ್ಷ ಮೊದಲು, 1957ರಲ್ಲಿ, ತೋಟದ ಕೆಲಸ, ಸಾಮಾನು ಸಾಗಿಸೋ ಕೆಲಸ ಮಾಡ್ತಿದ್ದ ಅಪ್ಪನ ಜೊತೆ ಒಬ್ಬ ಅಜ್ಜಿಯ ಮನೆ ಖಾಲಿ ಮಾಡೋಕೆ ಹೋಗಿದ್ದಾಗ, ಎಸೆಯೋ ಸಾಮಾನಿನ ಮಧ್ಯೆ ಅವನಿಗೊಂದು ಯುಕುಲೇಲಿ ಸಿಕ್ತು. ಅದರಲ್ಲಿ ಒಂದೇ ತಂತಿ. ಅಜ್ಜಿ, ತಗೊಂಡು ಹೋಗಪ್ಪ ಅಂದ್ರು. ರೇಡಿಯೋದಲ್ಲಿ, ರೆಕಾರ್ಡಲ್ಲಿ ಬರೋ ಹಾಡುಗಳನ್ನ, ಅದರಲ್ಲೂ ಎಲ್ವಿಸ್ ಪ್ರೀಸ್ಲಿಯದನ್ನ, ಆ ಒಂದೇ ತಂತಿ ಮೇಲೆ ಒಂದೊಂದೇ ಸ್ವರವಾಗಿ ಹುಡುಕಿ ನುಡಿಸೋಕೆ ಶುರು ಮಾಡಿದ.

ಇಲ್ಲಿ ಸ್ವಲ್ಪ ನಿಲ್ಲೋಣ. ಗಿಟಾರ್ ಕಲಿಯೋಕೆ ಹೊರಟವರೆಲ್ಲ ಮೊದಲ ವಾರವೇ ಆರು ತಂತಿಗಳನ್ನ ಒಟ್ಟಿಗೆ ಒತ್ತಿ ಹಿಡಿದು ಕಾರ್ಡ್ ಹಾಕೋಕೆ ಒದ್ದಾಡ್ತೀವಿ. ಸಿ ಆಗುತ್ತೆ, ಜಿ ಆಗುತ್ತೆ, ಎಫ್ ಬಂದಾಗ ತೋರುಬೆರಳು ಆರೂ ತಂತಿಗಳ ಮೇಲೆ ಮಲಗಬೇಕು, ಅಲ್ಲಿಗೆ ಅರ್ಧ ಜನ ಗಿಟಾರನ್ನ ಬೀರು ಮೇಲೆ ಇಡ್ತಾರೆ. ಒಂದೇ ತಂತಿ ಇದ್ದವನಿಗೆ ಈ ಗೋಳಿಲ್ಲ. ಪಿಯುಸಿ ಲ್ಯಾಬಿನ ಸೋನೋಮೀಟರ್ ನೆನಪಿದ್ಯಾ? ತಂತಿಯ ಬಿಗಿ ಒಂದೇ ಇದ್ರೆ, ಉದ್ದ ಕಡಿಮೆಯಾದಷ್ಟೂ ಫ್ರೀಕ್ವೆನ್ಸಿ ಜಾಸ್ತಿ. ಸರಿಯಾಗಿ ಅರ್ಧಕ್ಕೆ ಒತ್ತಿದ್ರೆ ದುಪ್ಪಟ್ಟು, ಅಂದ್ರೆ ಮೇಲಿನ ಷಡ್ಜ. ಜಿಮಿ ಕೈಯಲ್ಲಿದ್ದಿದ್ದು ಹೆಚ್ಚೂಕಮ್ಮಿ ಅದೇ. ನಾವು ಮೂರು ರೀಡಿಂಗ್ ತಗೊಂಡು ರೆಕಾರ್ಡ್ ಬುಕ್ ಮುಚ್ಚಿದ್ವಿ. ಅವನು ಕಿವಿಯಲ್ಲಿ ಕೇಳಿದ ಸ್ವರ ತಂತಿ ಮೇಲೆ ಎಲ್ಲಿದೆ ಅಂತ ಹುಡುಕ್ತಾ ಹುಡುಕ್ತಾ ತಿಂಗಳುಗಟ್ಟಲೆ ಕೂತ. ಮುಂದೆ ಅವನಿಗೆ ಕೊನೇವರೆಗೂ ಸ್ವರಲಿಪಿ ಓದೋಕೆ ಬರಲಿಲ್ಲ, ಆದ್ರೆ ಕೇಳಿದ್ದನ್ನ ಬೆರಳಿಗೆ ತರೋದರಲ್ಲಿ ಅವನನ್ನ ಹಿಡಿಯೋರು ಇರಲಿಲ್ಲ. ಅದಕ್ಕೆ ಆ ಒಂಟಿ ತಂತಿಯೂ ಒಂದು ಕಾರಣ ಅಂತ ನಮ್ಮ ಅನಿಸಿಕೆ.

1958ರ ಮಧ್ಯದಲ್ಲಿ, ಅಮ್ಮ ಹೋದ ಕೆಲವೇ ತಿಂಗಳಿಗೆ, 5 ಡಾಲರ್ ಕೊಟ್ಟು ಮೊದಲ ನಿಜವಾದ ಗಿಟಾರ್ ತಗೊಂಡ. ಸೆಕೆಂಡ್ ಹ್ಯಾಂಡ್ ಅಕೌಸ್ಟಿಕ್. ಸಮಸ್ಯೆ ಏನಂದ್ರೆ ಅದು ಬಲಗೈಯವರ ಗಿಟಾರ್, ಇವನು ಎಡಚ. ಎಡಗೈ ಅಂದ್ರೆ ಅಪ್ಪನಿಗೆ ಸೈತಾನನ ಕೈ, ಅಪ್ಪ ರೂಮಿನಲ್ಲಿದ್ದಾಗ ಅಣ್ಣ ಬಲಗೈಯಲ್ಲಿ ನುಡಿಸ್ತಿದ್ದ, ಅಪ್ಪ ಆಚೆ ಹೋದ ತಕ್ಷಣ ಗಿಟಾರ್ ತಿರುಗಿಸ್ತಿದ್ದ ಅಂತ ತಮ್ಮ ಲಿಯಾನ್ ಮುಂದೆ ನೆನಪಿಸಿಕೊಂಡಿದ್ದಾನೆ. ನಮ್ಮಲ್ಲೂ ಎಡಗೈಯಲ್ಲಿ ಪ್ರಸಾದ ತಗೊಳ್ಳೋಕೆ ಹೋಗಿ ಬೈಸಿಕೊಂಡವರು ಕಮ್ಮಿ ಇಲ್ಲ, ಹಾಗಾಗಿ ಇದು ನಂಬೋಕೆ ಕಷ್ಟ ಅನಿಸಲ್ಲ.

ದಿನಕ್ಕೆ ಹಲವು ಗಂಟೆ ಅಭ್ಯಾಸ. ಗುರು ಅಂತ ಯಾರೂ ಇಲ್ಲ. ಮಡ್ಡಿ ವಾಟರ್ಸ್, ಬಿ. ಬಿ. ಕಿಂಗ್, ಹೌಲಿನ್ ವುಲ್ಫ್ ಇವರ ಬ್ಲೂಸ್ ರೆಕಾರ್ಡುಗಳೇ ಗುರು. ಊರಲ್ಲಿ ಯಾರಾದ್ರೂ ಚೆನ್ನಾಗಿ ನುಡಿಸಿದ್ರೆ ಅವರ ಬೆರಳು ನೋಡೋದು, ಮನೆಗೆ ಬಂದು ಅದನ್ನ ಉಲ್ಟಾ ಮಾಡಿ ಹಿಡಿಯೋದು. ಪೂರ್ತಿಯಾಗಿ ಗುರುತು ಸಿಗೋ ಹಾಗೆ ಕಲಿತ ಮೊದಲ ಟ್ಯೂನ್ ಪೀಟರ್ ಗನ್ ಅನ್ನೋ ಟಿವಿ ಧಾರಾವಾಹಿಯದು. ಇವತ್ತೂ ಹೊಸಬರು ಕಲಿಯೋ ಟ್ಯೂನ್ ಅದು.

ಬ್ಯಾಂಡ್ ಸೇರಿದ ಮೇಲೆ ಅಕೌಸ್ಟಿಕ್ ಗಿಟಾರ್ ಸದ್ದು ಯಾರಿಗೂ ಕೇಳಿಸ್ತಿರಲಿಲ್ಲ. 1959ರಲ್ಲಿ ಕೊನೆಗೂ ಅಪ್ಪನೇ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದ, ಬಿಳಿ ಬಣ್ಣದ ಸುಪ್ರೋ ಒಜಾರ್ಕ್. ಅದೇ ಅಪ್ಪ. ಮನುಷ್ಯರನ್ನ ಒಂದು ಲೈನಲ್ಲಿ ಮುಗಿಸೋಕಾಗಲ್ಲ. ಮೊದಲ ಕಾರ್ಯಕ್ರಮ ಯಹೂದಿಗಳ ಒಂದು ಪ್ರಾರ್ಥನಾ ಮಂದಿರದ ನೆಲಮಾಳಿಗೆಯಲ್ಲಿ. ಹುಡುಗ ಸ್ವಲ್ಪ ಅತಿ ಮಾಡಿದ ಅಂತ ಮಧ್ಯದ ಬ್ರೇಕಲ್ಲೇ ಬ್ಯಾಂಡಿನಿಂದ ತೆಗೆದರು. ಇನ್ನೊಂದು ಬ್ಯಾಂಡ್ ಸೇರಿದ. ಒಂದು ರಾತ್ರಿ ಬರ್ಡ್‌ಲ್ಯಾಂಡ್ ಅನ್ನೋ ಕ್ಲಬ್ಬಲ್ಲಿ ಸ್ಟೇಜಿನ ಹಿಂದೆ ಗಿಟಾರ್ ಇಟ್ಟು ಮನೆಗೆ ಹೋದ, ಬೆಳಗ್ಗೆ ಅದು ಇರಲಿಲ್ಲ. ಅಪ್ಪ ಮತ್ತೆ ಒಂದು ಕೊಡಿಸಿದ, ಕೆಂಪು ಡ್ಯಾನಲೆಕ್ಟ್ರೋ. ಅದರ ಮೇಲೆ ತನ್ನ ಗೆಳತಿ ಬೆಟ್ಟಿ ಜೀನ್ ಹೆಸರು ಬಣ್ಣದಲ್ಲಿ ಬರೆದ. ಲ್ಯಾಪ್‌ಟಾಪ್ ಮೇಲೆ ಸ್ಟಿಕರ್ ಅಂಟಿಸೋ ನಾವು ಇದಕ್ಕೆ ನಗೋ ಹಾಗಿಲ್ಲ.

ಹೈಸ್ಕೂಲ್ ಮುಗಿಸಲಿಲ್ಲ. 1961ರಲ್ಲಿ ಕದ್ದ ಕಾರಲ್ಲಿ ಓಡಾಡಿದ ಕೇಸಲ್ಲಿ ಎರಡು ಸಲ ಸಿಕ್ಕಿಬಿದ್ದು, ಜೈಲೋ ಸೈನ್ಯವೋ ಅನ್ನೋ ಪರಿಸ್ಥಿತಿ ಬಂದಾಗ ಸೈನ್ಯ ಸೇರಿದ. 101ನೇ ಏರ್‌ಬೋರ್ನ್ ಡಿವಿಷನ್, ವಿಮಾನದಿಂದ ಪ್ಯಾರಾಚೂಟಲ್ಲಿ ಧುಮುಕೋ ಪಡೆ. ಗಿಟಾರ್ ಕಳಿಸು ಅಂತ ಅಪ್ಪನಿಗೆ ಕಾಗದ ಬರೆದ. ಬೆಟ್ಟಿ ಜೀನ್ ಬಂದಳು. ಡ್ಯೂಟಿ ಬಿಟ್ಟು ಅದರ ಜೊತೆಗೇ ಇರ್ತಿದ್ದ, ಜೊತೆಯ ಸೈನಿಕರು ರೇಗಿಸೋಕೆ ಅದನ್ನ ಬಚ್ಚಿಟ್ಟು ಅವನು ಬೇಡಿಕೊಳ್ಳೋ ತನಕ ಕೊಡ್ತಿರಲಿಲ್ಲ. ಹಾಸ್ಟೆಲ್ ಕಂಡವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಆದ್ರೆ ಒಂದು ದಿನ ಕ್ಲಬ್ಬಿನ ಹೊರಗೆ ಹೋಗ್ತಿದ್ದ ಬಿಲ್ಲಿ ಕಾಕ್ಸ್ ಅನ್ನೋ ಸೈನಿಕ ಒಳಗಿಂದ ಬಂದ ಸದ್ದು ಕೇಳಿ ನಿಂತ. ಬೇಸ್ ಗಿಟಾರ್ ಎತ್ಕೊಂಡು ಜೊತೆಗೆ ನುಡಿಸಿದ. ಆ ಸ್ನೇಹ ಜಿಮಿ ಸಾಯೋವರೆಗೂ ಇತ್ತು. ಸೈನ್ಯ ಮಾತ್ರ ಒಂದೇ ವರ್ಷಕ್ಕೆ, 1962ರಲ್ಲಿ, ಈತ ಸೈನಿಕನಾಗೋಕೆ ತಕ್ಕವನಲ್ಲ ಅಂತ ಬಿಡುಗಡೆ ಮಾಡಿತು.

ಆಮೇಲೆ ನಾಲ್ಕು ವರ್ಷ ಬೇರೆಯವರ ಹಿಂದೆ ನಿಂತು ನುಡಿಸಿದ್ದೇ. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಕ್ಲಬ್ಬುಗಳಿಂದ ಕ್ಲಬ್ಬಿಗೆ ಬಸ್ಸಲ್ಲಿ ಓಡಾಟ. ಹಲ್ಲಿನಿಂದ ಗಿಟಾರ್ ನುಡಿಸೋ ಗಿಮಿಕ್ ಕಲಿತಿದ್ದೂ ಆ ಊರುಗಳಲ್ಲೇ. 1964ರಲ್ಲಿ ಐಸ್ಲಿ ಬ್ರದರ್ಸ್, ಆಮೇಲೆ ಲಿಟಲ್ ರಿಚರ್ಡ್. ರಿಚರ್ಡ್ ಸ್ಟಾರ್, ಅವನ ಹಿಂದೆ ನಿಂತವನು ಅವನಿಗಿಂತ ಜೋರಾಗಿ ಕಾಣಬಾರದು. ಜಿಮಿ ಹಾಕೋ ಬಟ್ಟೆ, ಲೇಟಾಗಿ ಬರೋದು, ಸ್ಟೇಜ್ ಮೇಲಿನ ಆಟ ಎಲ್ಲದಕ್ಕೂ ಜಗಳ. ಆ ಕೆಲಸವೂ ಹೋಯ್ತು. ಜೀವನಚರಿತ್ರೆಗಳಲ್ಲಿ ಈ ಭಾಗವನ್ನ ಬೇಗ ದಾಟಿಸಿ ಲಂಡನ್ನಿಗೆ ಹೋಗ್ತಾರೆ. ನಮಗೆ ಇದೇ ಅವನ ಇಂಜಿನಿಯರಿಂಗ್ ಡಿಗ್ರಿ ಅನಿಸುತ್ತೆ. ಪ್ರತಿ ರಾತ್ರಿ ತಾಳ ತಪ್ಪದೆ ಪಕ್ಕವಾದ್ಯ ನುಡಿಸೋದು, ಹಾಡುಗಾರನಿಗೆ ಜಾಗ ಬಿಡೋದು ಇಲ್ಲೇ ಕಲಿತ. ಅವನ ದೊಡ್ಡ ಸೋಲೋಗಳನ್ನ ಎಲ್ಲರೂ ಹೊಗಳ್ತಾರೆ, ಆದ್ರೆ ಲಿಟಲ್ ವಿಂಗ್ ಕೇಳಿ ನೋಡಿ. ಹೆಬ್ಬೆರಳನ್ನ ಕುತ್ತಿಗೆಯ ಮೇಲಿಂದ ತಂದು ದಪ್ಪ ತಂತಿ ಒತ್ತಿ, ಉಳಿದ ನಾಲ್ಕು ಬೆರಳನ್ನ ಸ್ವರಗಳಿಗೆ ಬಿಟ್ಟುಕೊಂಡು, ಕಾರ್ಡ್ ಮತ್ತು ರಾಗ ಎರಡನ್ನೂ ಒಟ್ಟಿಗೆ ನುಡಿಸ್ತಾನೆ. ಎಫ್ ಕಾರ್ಡಿಗೆ ಬೆರಳು ಮಲಗಿಸೋ ಗೋಳಿಗೆ ಅವನ ಉತ್ತರವೂ ಅದೇ ಹೆಬ್ಬೆರಳು. ಕೈ ದೊಡ್ಡದಿತ್ತು, ಎಲ್ಲರಿಗೂ ಆಗಲ್ಲ ಬಿಡಿ.

1966ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಕೆಫೆ ವಾ ಅನ್ನೋ ಜಾಗದಲ್ಲಿ ಚಾಸ್ ಚಾಂಡ್ಲರ್ ಇವನನ್ನ ನೋಡಿದ. ಆನಿಮಲ್ಸ್ ಬ್ಯಾಂಡಿನಲ್ಲಿ ಬೇಸ್ ನುಡಿಸ್ತಿದ್ದವನು, ಆಗ ಮ್ಯಾನೇಜರ್ ಆಗೋಕೆ ಹೊರಟಿದ್ದ. ಸೆಪ್ಟೆಂಬರ್ 24ಕ್ಕೆ ಜಿಮಿ ಲಂಡನ್ನಲ್ಲಿ ಇಳಿದ. ಸರಿಯಾಗಿ ಒಂದು ವಾರಕ್ಕೆ, ಅಕ್ಟೋಬರ್ 1ಕ್ಕೆ, ನಡೆದಿದ್ದು ನಮಗೆ ತುಂಬಾ ಇಷ್ಟ, ಯಾಕಂದ್ರೆ ಅದು ನಡೆದಿದ್ದು ಒಂದು ಕಾಲೇಜಿನಲ್ಲಿ: ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್. (ಪಿಂಕ್ ಫ್ಲಾಯ್ಡ್ ಹುಡುಗರು ಆರ್ಕಿಟೆಕ್ಚರ್ ಓದೋಕೆ ಸೇರಿ ಪರಿಚಯವಾಗಿದ್ದೂ ಇದೇ ಕಾಲೇಜಲ್ಲಿ.) ಆವತ್ತು ಕ್ರೀಮ್ ಬ್ಯಾಂಡಿನ ಕಾರ್ಯಕ್ರಮ. ಎರಿಕ್ ಕ್ಲ್ಯಾಪ್ಟನ್ ಅಂದ್ರೆ ಆಗ ಲಂಡನ್ನಲ್ಲಿ ಗಿಟಾರಿನ ದೇವರು. ಒಂದು ಹಾಡು ಸೇರಿಸಿಕೊಳ್ಳಿ ಅಂತ ಜಿಮಿ ಕೇಳಿಸಿದ. ಹೌಲಿನ್ ವುಲ್ಫ್‌ನ ಕಿಲ್ಲಿಂಗ್ ಫ್ಲೋರ್ ಎತ್ತಿಕೊಂಡ, ಅದೂ ಭಯಂಕರ ಸ್ಪೀಡಲ್ಲಿ. ಕ್ಲ್ಯಾಪ್ಟನ್ ನುಡಿಸೋದು ನಿಲ್ಲಿಸಿ ಸ್ಟೇಜಿನಿಂದ ಒಳಗೆ ಹೋಗಿಬಿಟ್ಟ ಅಂತ ಚಾಂಡ್ಲರ್ ಆಮೇಲೆ ಹೇಳ್ತಿದ್ದ. ಮುಂದೆ ಇಬ್ಬರೂ ಒಳ್ಳೆ ಸ್ನೇಹಿತರಾದರು.

ಈಗ ಅವನ ಕೈಯಲ್ಲಿ ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ಇದೂ ಬಲಗೈಯವರದ್ದೇ, ತಲೆಕೆಳಗೆ ಹಿಡಿದು ತಂತಿಗಳ ಕ್ರಮ ಬದಲಿಸಿ ಹಾಕಿದ್ದು. ಹಾಗೆ ತಿರುಗಿಸಿದಾಗ ಸದ್ದೂ ಬದಲಾಗುತ್ತೆ. ಸ್ಟ್ರಾಟ್‌ನಲ್ಲಿ ಬ್ರಿಡ್ಜ್ ಹತ್ತಿರದ ಪಿಕಪ್ ಓರೆಯಾಗಿದೆ: ಸಣ್ಣ ತಂತಿಯ ಕಡೆ ಬ್ರಿಡ್ಜಿಗೆ ಹತ್ತಿರ, ದಪ್ಪ ತಂತಿಯ ಕಡೆ ದೂರ. ತಿರುಗಿಸಿದ್ರೆ ಇದು ಅದಲುಬದಲು. ದಪ್ಪ ತಂತಿಗಳು ಸ್ವಲ್ಪ ಚುರುಕಾಗಿ, ಸಣ್ಣವು ಸ್ವಲ್ಪ ಮೆತ್ತಗೆ ಕೇಳಿಸ್ತವೆ. ನಾಬ್‌ಗಳು, ತಂತಿ ಅಲುಗಿಸೋ ಸರಳು ಎಲ್ಲ ಮೇಲಕ್ಕೆ ಬರ್ತವೆ. ಹುಡುಗನಾಗಿದ್ದಾಗ ಬೇರೆ ದಾರಿ ಇಲ್ಲದೆ ಮಾಡ್ಕೊಂಡ ಹೊಂದಾಣಿಕೆ ಅವನ ಸದ್ದಿನ ಭಾಗವೇ ಆಯ್ತು.

ಇಸಿ, ಇಇಇ ಬ್ರಾಂಚಿನವರಿಗೆ ಇನ್ನೊಂದು ವಿಷಯ. ಪರ್ಪಲ್ ಹೇಜ್ ಹಾಡಿನ ಸೋಲೋದಲ್ಲಿ ಗಿಟಾರ್ ಚೀರೋ ಹಾಗೆ ಒಂದು ಆಕ್ಟೇವ್ ಮೇಲಿನ ಸ್ವರವೂ ಜೊತೆಗೆ ಕೇಳುತ್ತೆ. ಅದನ್ನ ಮಾಡಿಕೊಟ್ಟವನು ರೋಜರ್ ಮೇಯರ್, ಬ್ರಿಟಿಷ್ ನೌಕಾಪಡೆಯ ಇಲಾಖೆಯಲ್ಲಿ ಕಂಪನ ಮತ್ತು ಶಬ್ದದ ಮೇಲೆ ಕೆಲಸ ಮಾಡ್ತಿದ್ದ ಎಲೆಕ್ಟ್ರಾನಿಕ್ಸ್ ಇಂಜಿನಿಯರ್. ಪೆಡಲಿನ ಹೆಸರು ಆಕ್ಟೇವಿಯಾ. ಒಳಗಿನ ತತ್ವ ನಮ್ಮ ಲ್ಯಾಬಿನ ಫುಲ್ ವೇವ್ ರೆಕ್ಟಿಫೈಯರ್! 50 ಹರ್ಟ್ಸ್ ಕೊಟ್ರೆ ಹೊರಗೆ 100 ಹರ್ಟ್ಸ್ ರಿಪಲ್ ಬರುತ್ತಲ್ಲ, ಅದೇ. ಕೆಳಗಿನ ಅರ್ಧ ಅಲೆ ಮೇಲಕ್ಕೆ ಮಡಚಿಕೊಂಡ್ರೆ ಫ್ರೀಕ್ವೆನ್ಸಿ ದುಪ್ಪಟ್ಟು, ಸಂಗೀತದ ಭಾಷೇಲಿ ಒಂದು ಆಕ್ಟೇವ್. ಇನ್ನು ಆಂಪ್ಲಿಫೈಯರ್ ಎದುರು ಗಿಟಾರ್ ಹಿಡಿದು ನಿಂತಾಗ ಬರೋ ಕೂಗು ಪಾಸಿಟಿವ್ ಫೀಡ್‌ಬ್ಯಾಕ್: ಸ್ಪೀಕರಿನ ಸದ್ದು ತಂತಿಯನ್ನ ಅಲುಗಿಸುತ್ತೆ, ತಂತಿ ಮತ್ತೆ ಸ್ಪೀಕರಿಗೆ. ಎಲ್ಲ ಸೌಂಡ್ ಇಂಜಿನಿಯರುಗಳೂ ಓಡಿಸೋಕೆ ನೋಡೋ ಈ ಗಲಾಟೆಯನ್ನ ಜಿಮಿ ನಿಂತ ಜಾಗ, ಗಿಟಾರ್ ಹಿಡಿದ ಕೋನ ಬದಲಿಸ್ತಾ ಬೇಕಾದ ಸ್ವರಕ್ಕೆ ಪಳಗಿಸಿದ.

ಮುಂದಿನದ್ದು ಎಲ್ಲರಿಗೂ ಗೊತ್ತು. 1967ರ ಮೇನಲ್ಲಿ ಮೊದಲ ಆಲ್ಬಮ್, ಜೂನ್ 18ಕ್ಕೆ ಮಾಂಟೆರೆಯಲ್ಲಿ ಗಿಟಾರಿಗೆ ಬೆಂಕಿ. ಪೋಸ್ಟರಲ್ಲಿ ಇರೋದು ಆ ಬೆಂಕಿಯೇ. ಪೊರಕೆ ಹಿಡಿದು ಓಡಾಡಿದವನು, ಕಳುವಾದ ಗಿಟಾರಿಗೆ ಅಳಬೇಕಾಗಿ ಬಂದವನು ಗಿಟಾರ್ ಸುಟ್ಟ ಅನ್ನೋದು ನಮಗೆ ಅಷ್ಟಾಗಿ ಹಿಡಿಸಲ್ಲ. ಅದರ ಮುಂಚಿನ ಅರ್ಧ ಗಂಟೆ ನುಡಿಸಿದ್ದು ಕೇಳಿ ಸಾಕು.

1969ರ ವುಡ್‌ಸ್ಟಾಕ್ ಬೇರೆ ಮಾತು. ಭಾನುವಾರ ರಾತ್ರಿ ಬರಬೇಕಿದ್ದ ಅವನ ಸರದಿ ಬಂದಿದ್ದು ಸೋಮವಾರ, ಆಗಸ್ಟ್ 18ರ ಬೆಳಗ್ಗೆ. ಬಹಳಷ್ಟು ಜನ ಮನೆಗೆ ಹೊರಟಾಗಿತ್ತು. ಕೆಸರು, ಕಸ, ನಿದ್ದೆಗಣ್ಣು. ಬೇಸ್ ನುಡಿಸೋಕೆ ಪಕ್ಕದಲ್ಲಿ ನಿಂತಿದ್ದವನು ಸೈನ್ಯದ ಗೆಳೆಯ ಬಿಲ್ಲಿ ಕಾಕ್ಸ್. ಅಲ್ಲಿ ಜಿಮಿ ಅಮೆರಿಕದ ರಾಷ್ಟ್ರಗೀತೆಯನ್ನ ಮಾತಿಲ್ಲದೆ ಗಿಟಾರಲ್ಲಿ ನುಡಿಸಿದ. ಮಧ್ಯೆ ಮಧ್ಯೆ ಬಾಂಬ್ ಬೀಳೋ, ಸೈರನ್ ಕೂಗೋ ಸದ್ದನ್ನ ಅದೇ ಗಿಟಾರಿನಿಂದ ತೆಗೆದ. ಅವನಿದ್ದ 101ನೇ ಡಿವಿಷನ್ ಆ ಹೊತ್ತಿಗೆ ವಿಯೆಟ್ನಾಂನಲ್ಲಿ ಯುದ್ಧ ಮಾಡ್ತಿತ್ತು.

1970ರ ಆಗಸ್ಟ್ 26ಕ್ಕೆ ನ್ಯೂಯಾರ್ಕಿನಲ್ಲಿ ಅವನ ಸ್ವಂತ ಸ್ಟುಡಿಯೋ ಎಲೆಕ್ಟ್ರಿಕ್ ಲೇಡಿ ಅಧಿಕೃತವಾಗಿ ತೆರೆಯಿತು. ಆರಂಭದ ಪಾರ್ಟಿ ಮುಗಿಸಿ ಕಾರ್ಯಕ್ರಮಕ್ಕೆ ಇಂಗ್ಲೆಂಡಿಗೆ ಹೋದವನು ಮತ್ತೆ ಅಲ್ಲಿಗೆ ಬರಲಿಲ್ಲ. ಸೆಪ್ಟೆಂಬರ್ 18ಕ್ಕೆ ಲಂಡನ್ನಿನಲ್ಲಿ, ನಿದ್ದೆ ಮಾತ್ರೆ ಅತಿಯಾಗಿ, ತೀರಿಕೊಂಡ. 27 ವರ್ಷ. ಗಿಟಾರ್ ಕೈಗೆ ಬಂದು ಹನ್ನೆರಡು ವರ್ಷ ಆಗಿತ್ತು ಅಷ್ಟೇ. ಸ್ಟುಡಿಯೋ ಇವತ್ತಿಗೂ ನಡೀತಿದೆ.

ಅಪ್ಪ ಆಲ್ ಮಗನನ್ನ ಊರಿಗೆ ತರಿಸಿ ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ ಮಣ್ಣು ಮಾಡಿದ. ಸಮಾಧಿಯ ಕಲ್ಲಿನ ಮೇಲೆ ಒಂದು ಸ್ಟ್ರಾಟೊಕ್ಯಾಸ್ಟರ್ ಕೆತ್ತಿದ್ದಾರೆ. ಬಲಗೈಯವರು ಹಿಡಿಯೋ ಹಾಗೆ.