ಬಂಗಾಳದಲ್ಲಿ ಕಲಿತು ಕನ್ನಡದಲ್ಲೇ ಉಳಿದ ಕುಂಚ: ಕೆ. ವೆಂಕಟಪ್ಪ

ಭಾರತದಲ್ಲಿ ಒಂಬತ್ತು ಮಂದಿ ಕಲಾವಿದರ ಕೃತಿಗಳಿಗೆ ರಾಷ್ಟ್ರೀಯ ಕಲಾನಿಧಿಯ ಸ್ಥಾನವಿದೆ. ಅವು ದೇಶ ಬಿಟ್ಟು ಮಾರಾಟವಾಗುವಂತಿಲ್ಲ. ಆ ಪಟ್ಟಿಯಲ್ಲಿ ಬಂಗಾಳದ ಅವನೀಂದ್ರನಾಥ ಠಾಗೋರ್ ಇದ್ದಾರೆ, ಅವರ ಶಿಷ್ಯ ನಂದಲಾಲ್ ಬೋಸ್ ಕೂಡ ಇದ್ದಾರೆ. ಅದೇ ಗುರುವಿನ ಬಳಿ ನಂದಲಾಲರ ಜೊತೆಗೇ ಕಲಿತ ಮೈಸೂರಿನ ಕೆ. ವೆಂಕಟಪ್ಪ ಅವರ ಹೆಸರು ಮಾತ್ರ ಅಲ್ಲಿಲ್ಲ.

ವೆಂಕಟಪ್ಪ 1886ರಲ್ಲಿ ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಹುಡುಗನ ಕೈಚಳಕ ಕಂಡ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿದರು. ಅಜಂತಾ ಭಿತ್ತಿಚಿತ್ರಗಳ ಪ್ರತಿ ಮಾಡಲು ಹೋದ ವಿದ್ಯಾರ್ಥಿಗಳ ತಂಡದಲ್ಲಿ ಅವರೂ ಇದ್ದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಗ್ರಂಥ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳೂ ಇದ್ದವು.

ಅಲ್ಲೇ ನಿಂತಿದ್ದರೆ ಅವರು ಬಂಗಾಳ ಶೈಲಿಯ ಒಬ್ಬ ಒಳ್ಳೆಯ ಅನುಯಾಯಿ ಎನಿಸಿಕೊಳ್ಳುತ್ತಿದ್ದರು, ಅಷ್ಟೇ. ಮೈಸೂರಿಗೆ ಮರಳಿದ ಮೇಲೆ ದಾರಿ ಬದಲಾಯಿತು. 1926ರ ಸುಮಾರಿಗೆ ಊಟಿಯಲ್ಲಿ ಕುಳಿತು ಬರೆದ ಜಲವರ್ಣಗಳಲ್ಲಿ ಪುರಾಣವಿಲ್ಲ. ಮಂಜು, ಬೆಳದಿಂಗಳು, ಕವಿಯುತ್ತಿರುವ ಮಳೆಮೋಡ, ಕೆರೆಯ ನೀರು, ಕಣ್ಣಿಗೆ ಕಂಡದ್ದಷ್ಟೇ. ಅವರ ನಿಜವಾದ ದೊಡ್ಡಸ್ತಿಕೆ ಇರುವುದು ಈ ಚಿತ್ರಗಳಲ್ಲಿ.

ಮದುವೆಯಾಗಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅದರ ಗೀಳು ಎಷ್ಟಿತ್ತೆಂದರೆ, ಆ ಹುಚ್ಚನ್ನೇ ವಿಷಯವಾಗಿಸಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡು ಚಿತ್ರ ಬರೆದರು. ಸ್ವಭಾವ ಬಲು ಬಿಗಿ. ಆಶ್ರಯದಾತ ಮಹಾರಾಜರು 1940ರಲ್ಲಿ ತೀರಿಕೊಂಡ ಬಳಿಕ ಉಬ್ಬುಶಿಲ್ಪಗಳ ಸಂಭಾವನೆಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದರು. ಅರಮನೆಯ ಅನ್ನ ಉಂಡ ಮನೆತನದವರೊಬ್ಬರು ಆ ಕಾಲದಲ್ಲಿ ಹಾಗೆ ಮಾಡುವುದು ಸಣ್ಣ ಮಾತಲ್ಲ.

1965ರಲ್ಲಿ ಅವರು ಕಣ್ಮುಚ್ಚಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಸರ್ಕಾರಿ ಗ್ಯಾಲರಿ 1970ರ ದಶಕದಲ್ಲಿ ತೆರೆಯಿತು. ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಉಡುಪಿ ಸೀಮೆಯ ಕೆ.ಕೆ. ಹೆಬ್ಬಾರರ ಚಿತ್ರಗಳಿಗೂ ಅಲ್ಲೇ ಜಾಗ ಸಿಕ್ಕಿತು. ಈ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡಲು ಸರ್ಕಾರ ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಬೆಂಗಳೂರಿನ ಕಲಾವಿದರು ಬೀದಿಗಿಳಿದರು. ವೆಂಕಟಪ್ಪನವರನ್ನು ಕಣ್ಣಾರೆ ಕಂಡಿರದ ತಲೆಮಾರಿನವರೇ ಅಲ್ಲಿ ಹೆಚ್ಚಾಗಿದ್ದರು.