ವಜ್ರದ ಓಲೆ ಬೇಡವೆಂದ ಅನ್ನಾ ಮಣಿ

ಪುಣೆಯಲ್ಲಿರುವ ನಮಗೆಲ್ಲ ಶಿವಾಜಿನಗರದ ಸಿಮ್ಲಾ ಆಫೀಸ್ ಗೊತ್ತು. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂದದ್ದರಿಂದ ಆ ಹೆಸರು ನಿಂತುಬಿಟ್ಟಿತು. ಇದೇ ಊರಿನಲ್ಲಿ ಆ ಇಲಾಖೆಯ ಉಪಕರಣ ವಿಭಾಗವನ್ನು ಕಟ್ಟಿ ಬೆಳೆಸಿದ ಅನ್ನಾ ಮಣಿ ಅವರ ಹೆಸರು ಮಾತ್ರ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅದಕ್ಕೇ ನಮ್ಮ ಮಹಿಳಾ ವೇದಿಕೆಯ ಈ ಸಂಚಿಕೆಗೆ ಅವರ ಬಗ್ಗೆಯೇ ಬರೆಯಬೇಕೆನಿಸಿತು. ಅವರು ಮಲಯಾಳಿ, ಆದರೆ ಅವರ ವಿಜ್ಞಾನದ ಬದುಕು ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ.

ಅನ್ನಾ ಹುಟ್ಟಿದ್ದು 1918ರ ಆಗಸ್ಟ್ 23ರಂದು, ತಿರುವಾಂಕೂರಿನ ಪೀರ್‌ಮೇಡಿನಲ್ಲಿ. ತಂದೆ ಸಿವಿಲ್ ಎಂಜಿನಿಯರ್, ಏಲಕ್ಕಿ ತೋಟಗಳ ಒಡೆಯರು. ಎಂಟು ಮಕ್ಕಳಲ್ಲಿ ಈಕೆ ಏಳನೆಯವರು. ಎಂಟನೆಯ ಹುಟ್ಟುಹಬ್ಬಕ್ಕೆ ಹೆಣ್ಣುಮಕ್ಕಳಿಗೆ ವಜ್ರದ ಓಲೆ ಕೊಡುವುದು ಆ ಮನೆಯ ಪದ್ಧತಿ. ಅನ್ನಾ ಅದನ್ನು ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿದರು. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧೀಜಿ ಬಂದುಹೋದ ಮೇಲೆ ಖಾದಿ ಉಡತೊಡಗಿದರು. ಅಕ್ಕಂದಿರಿಗೆ ಬೇಗ ಮದುವೆಯಾಯಿತು. ಇವರು ಓದಿನ ದಾರಿ ಹಿಡಿದರು, ಕೊನೆಯವರೆಗೂ ಮದುವೆಯಾಗಲಿಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಪದವಿ ಪಡೆದು 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ಓಲೆ ಬೇಡವೆಂದಿದ್ದ ಹುಡುಗಿಯ ಕೈಗೆ ಅಲ್ಲಿ ಸಿಕ್ಕಿದ್ದು ವಜ್ರವೇ! ವಜ್ರ, ಮಾಣಿಕ್ಯಗಳು ಬೆಳಕನ್ನು ಹೀರಿ ಹೊರಸೂಸುವ ಬಗೆಯನ್ನು ಅವರು ಅಭ್ಯಾಸ ಮಾಡಿದರು. ಒಂದೊಂದು ಛಾಯಾಫಲಕಕ್ಕೂ 15-20 ಗಂಟೆ ಬೆಳಕು ತಾಗಬೇಕಿತ್ತು. ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದರು. 1942ರಿಂದ 1945ರೊಳಗೆ ಒಬ್ಬರೇ ಬರೆದ ಐದು ಪ್ರಬಂಧಗಳು ಪ್ರಕಟವಾದವು.

ಆಗ ಇಲ್ಲಿನ ಸಂಶೋಧನೆಗೆ ಪದವಿ ಕೊಡುತ್ತಿದ್ದುದು ಮದರಾಸು ವಿಶ್ವವಿದ್ಯಾಲಯ. 1945ರಲ್ಲಿ ಅನ್ನಾ ಮಹಾಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ನಿರಾಕರಿಸಲಾಯಿತು. ಐದು ವರ್ಷದ ದುಡಿಮೆ ಒಂದು ನಿಯಮದ ಮುಂದೆ ನಿಂತುಹೋಯಿತು. ನನಗೆ ಇದನ್ನು ಓದಿದಾಗ ತುಂಬಾ ಸಂಕಟವಾಯಿತು. ಅವರು ಮಾತ್ರ ಅದನ್ನೇ ನೆನೆಯುತ್ತ ಕೂರಲಿಲ್ಲ. ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಭೌತವಿಜ್ಞಾನ ಮುಂದುವರಿಸುವ ಆಸೆಯಿತ್ತು. ಆದರೆ ವಿದ್ಯಾರ್ಥಿವೇತನವಿದ್ದದ್ದು ಹವಾಮಾನ ಉಪಕರಣಗಳ ತರಬೇತಿಗೆ. ಸಿಕ್ಕಿದ್ದನ್ನೇ ಮನಸ್ಸಿಟ್ಟು ಕಲಿತರು.

1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಮಳೆಮಾಪಕ, ತಾಪಮಾಪಕದಂಥ ಸರಳ ಸಾಧನಗಳೂ ಆಗ ಹೊರದೇಶದಿಂದ ಬರಬೇಕಿತ್ತು. ಅವನ್ನು ಇಲ್ಲೇ ತಯಾರಿಸುವ ಕೆಲಸಕ್ಕೆ ಅನ್ನಾ ಕೈಹಾಕಿದರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದು ಮಟ್ಟಕ್ಕೆ ತಂದು ತಯಾರಿಕೆ ಶುರುಮಾಡಿಸಿದರು. 1953ರ ಹೊತ್ತಿಗೆ ಅವರ ಕೈಕೆಳಗೆ 121 ಮಂದಿ ಗಂಡಸರಿದ್ದರು. ತಪ್ಪು ಅಳತೆ ಕೊಡುವ ಉಪಕರಣಕ್ಕಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದಲ್ಲಿ ಸೂರ್ಯನ ವಿಕಿರಣ ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ಓಜೋನ್ ಅಳೆಯುವ ದೇಶೀ ಉಪಕರಣವೂ ಅವರ ಮುಂದಾಳತ್ವದಲ್ಲಿ ಸಿದ್ಧವಾಯಿತು. ವಿಕ್ರಮ್ ಸಾರಾಭಾಯಿ ಅವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಕಟ್ಟಿಕೊಟ್ಟರು.

1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ನಾವಾದರೆ ಇನ್ನು ವಿಶ್ರಾಂತಿ ಅಂದುಕೊಳ್ಳುತ್ತೇವೆ. ಅವರು ಮತ್ತೆ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿಯಾಗಿ ದುಡಿದರು. ಗಾಳಿಯ ವೇಗ ಮತ್ತು ಬಿಸಿಲಿನ ಶಕ್ತಿಯನ್ನು ಅಳೆಯುವ ಸಾಧನಗಳ ಸಣ್ಣ ಕಾರ್ಖಾನೆಯೊಂದನ್ನು ಅದೇ ಊರಿನಲ್ಲಿ ತೆರೆದರು. ಭಾರತದ ಸೌರ ವಿಕಿರಣದ ಅಂಕಿಅಂಶಗಳ ಕೈಪಿಡಿ 1980ರಲ್ಲಿ ಬಂತು. ಪವನಶಕ್ತಿಯ ಸಮೀಕ್ಷೆ 1983ರಲ್ಲಿ. ಇವೆಲ್ಲ ಅರವತ್ತು ದಾಟಿದ ಮೇಲಿನ ಕೆಲಸಗಳು! 1987ರಲ್ಲಿ, 69ನೆಯ ವಯಸ್ಸಿಗೆ, ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಅವರಿಗೆ ಕೆ.ಆರ್. ರಾಮನಾಥನ್ ಪದಕ ನೀಡಿತು. 1994ರಲ್ಲಿ ಪಾರ್ಶ್ವವಾಯು ಬಡಿಯಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಕಣ್ಮುಚ್ಚಿದರು. 2018ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅವರ ಜನ್ಮಶತಮಾನೋತ್ಸವವನ್ನು ನೆನೆಯಿತು. 2022ರ ಹುಟ್ಟುಹಬ್ಬದಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿತು.

ಪುಣೆಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೀವೂ ನೋಡಿರುತ್ತೀರಿ. ಎಲ್ಲಿ ಗಾಳಿ ಎಷ್ಟು ಬೀಸುತ್ತದೆ ಎಂದು ಮೊದಲು ಯಾರಾದರೂ ತಾಳ್ಮೆಯಿಂದ ಅಳೆದು ಬರೆದಿಡಬೇಕಲ್ಲ! ಪಾವಗಡದ ಸೌರ ಪಾರ್ಕಿನಂಥ ಯೋಜನೆಗಳ ಮಾತು ಹುಟ್ಟುವ ಎಷ್ಟೋ ಮೊದಲೇ ಆ ಕೆಲಸಕ್ಕೆ ಅನ್ನಾ ತಳಪಾಯ ಹಾಕಿದ್ದರು.

ಅವರ ಹೆಸರಿನ ಹಿಂದೆ ಡಾಕ್ಟರ್ ಎಂಬ ಪದ ಬರಲೇ ಇಲ್ಲ. ಒಪ್ಪಿಗೆಯಾಗದ ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದವರ ಪ್ರಬಂಧಗಳ ಜೊತೆಗೇ ಉಳಿದಿದೆ. ನಮ್ಮ ಮನೆಯ ಹೆಣ್ಣುಮಕ್ಕಳು ಒಂದು ಅಂಕಕ್ಕೋ, ಒಂದು ಸೀಟಿಗೋ ಮನಸ್ಸು ಸಣ್ಣದು ಮಾಡಿಕೊಂಡಾಗ ಈ ಕಥೆಯನ್ನು ಹೇಳೋಣ. ಪದವಿ ಕೈತಪ್ಪಿದರೂ ಕೆಲಸ ಕೈತಪ್ಪಬೇಕಿಲ್ಲ ಎಂಬುದನ್ನು ಅನ್ನಾ ಮಣಿ ಬದುಕಿ ತೋರಿಸಿದ್ದಾರೆ.